ಹೌದಪ್ಪನ ಹಲ್ಲೂ ಜಗತ್ತಿನ ಗಿಟಾರೂ

ಹಲ್ಲುನೋವು ಬಂದವನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಈ ರಾದ್ಧಾಂತ ಆಗುತ್ತಲೇ ಇರಲಿಲ್ಲ. ಆದರೆ ಹೌದಪ್ಪನಿಗೆ ಅದು ಆಗದ ಮಾತು.

ಹೌದಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳಿಗೆ ಫ್ರೇಮು ತೋರಿಸುವುದು ಅವನ ಕೆಲಸ. "ಇದು ನನಗೆ ಒಪ್ಪುತ್ತಲ್ವಾ?" ಎಂದು ಯಾರು ಕೇಳಿದರೂ "ಹೌದು" ಅನ್ನಬೇಕು. ಕುಂಬಳಕಾಯಿಯಂಥ ಮುಖದವರಿಗೂ ಹೌದು, ಪಡವಲಕಾಯಿಯಂಥ ಮುಖದವರಿಗೂ ಹೌದು. ಹೀಗೆ ನಾಲಿಗೆ ಪಳಗಿಹೋಗಿ, ಈಗ ಹೆಂಡತಿ, ಮಾಲೀಕ, ನೆರೆಯವರು ಏನು ಕೇಳಿದರೂ ಅದೊಂದೇ ಮಾತು ಹೊರಬೀಳುತ್ತಿತ್ತು. ಅದರಿಂದ ಯಾರ ಜೊತೆಗೂ ಜಗಳ ಬಂದಿರಲಿಲ್ಲ ಅನ್ನುವುದು ಅವನಿಗೊಂದು ಹೆಮ್ಮೆ.

ವಾರದಿಂದ ಬಲಗಡೆಯ ದವಡೆ ಹಲ್ಲು ಅವನ ಜೀವ ಹಿಂಡುತ್ತಿತ್ತು. ಹಾಲಿನಲ್ಲಿ ಅದ್ದಿದ ಬ್ರೆಡ್ಡು ಬಿಟ್ಟು ಬೇರೇನೂ ಹೊಟ್ಟೆಗೆ ಇಳಿದಿರಲಿಲ್ಲ. ಆದರೂ ಹಲ್ಲು ಕೀಳಿಸುವುದೆಂದರೆ ಅವನಿಗೆ ಪ್ರಾಣಭಯ. ಕೊನೆಗೆ ಹೆಂಡತಿಯೇ ಬಾಗಿಲಲ್ಲಿ ನಿಂತು ಹೇಳಿದಳು:

"ನೋಡ್ರೀ, ಇವತ್ತು ಆ ಹಲ್ಲು ಕೀಳಿಸ್ಕೊಂಡೇ ಮನೆಗೆ ಬರ್ಬೇಕು. ರಾತ್ರಿಯೆಲ್ಲಾ ನಿಮ್ಮ ನರಳಾಟ ಕೇಳಿ ನನಗೆ ನಿದ್ದೆಯಿಲ್ಲ. ಗೊತ್ತಾಯ್ತಾ?"

"ಹೌದು" ಅಂದ ಹೌದಪ್ಪ.

ಊರಿಗಿದ್ದುದು ಒಬ್ಬರೇ ಹಲ್ಲಿನ ಡಾಕ್ಟರು. ಅವರ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೆನ್ನೆ ಊದಿದವರ ಸಾಲೇ ಇತ್ತು. ಒಳಕೋಣೆಯ ಪರದೆಯ ಮೇಲುಗಡೆ ಗೋಡೆಗೆ ಬಡಿದಿದ್ದ ಪುಟ್ಟ ಸ್ಪೀಕರಿನಿಂದ ಏನೋ ಗಿಟಾರಿನ ಸದ್ದು ಟಿಣಿಟಿಣಿ ಎಂದು ಬರುತ್ತಿತ್ತು. ಹಲ್ಲು ನೋಯುವವರಿಗೆ ಗಿಟಾರಿನ ಗೊಡವೆ ಯಾಕೆ? ಯಾರೂ ಅತ್ತ ಕಿವಿಗೊಟ್ಟಿರಲಿಲ್ಲ.

ಹೆಸರು, ವಿಳಾಸ ಬರೆದುಕೊಳ್ಳುತ್ತಿದ್ದ ಸಿಸ್ಟರ್ ಹಿಂದೆ, ಗೋಡೆಯ ಮೇಲೆ, ಕೂದಲು ಕೆದರಿಕೊಂಡು ಗಿಟಾರು ಹಿಡಿದು ಹಾರುತ್ತಿದ್ದ ರಾಕ್ ಗಾಯಕನೊಬ್ಬನ ಚಿತ್ರವಿತ್ತು. ಹೌದಪ್ಪ ಅದನ್ನು ನೋಡುತ್ತಿರುವುದು ಕಂಡು ಸಿಸ್ಟರ್ ಮುಖ ಅರಳಿತು.

"ಗಿಟಾರ್ ಅಂದ್ರೆ ಇವನದೇ ಅಲ್ವಾ? ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ."

"ಹೌದು ಸಿಸ್ಟರ್."

ಸಿಸ್ಟರ್ ಖುಷಿಯಾಗಿ ಅವನ ಹೆಸರನ್ನು ಎರಡು ಸಾಲು ಮೇಲಕ್ಕೆ ಏರಿಸಿದರು.

ಬೆಂಚಿನಲ್ಲಿ ಪಕ್ಕಕ್ಕೇ ಕೂತಿದ್ದವರು ಸಂಗೀತದ ಮೇಷ್ಟ್ರು. ಕೆನ್ನೆ ಊದಿದ್ದರೂ ಅವರ ಗತ್ತು ಇಳಿದಿರಲಿಲ್ಲ. ಹೌದಪ್ಪನ ಕಿವಿಗೆ ಬಾಗಿ, "ಹಾರೋದು ಕುಣಿಯೋದು ಸಂಗೀತ ಏನಪ್ಪಾ? ಗಿಟಾರನ್ನ ಮಡಿಲಲ್ಲಿ ಮಗು ಥರ ಮಲಗಿಸ್ಕೊಂಡು ರಾಗ ನುಡಿಸ್ತಾರಲ್ಲ, ಅವರು ದೊಡ್ಡವರು. ಏನಂತೀಯ?" ಅಂದರು.

"ಹೌದು ಮೇಷ್ಟ್ರೇ."

ಮೇಷ್ಟ್ರು ಅವನಿಗೆ ಕಾಲು ಚಾಚಲು ಜಾಗ ಬಿಟ್ಟುಕೊಟ್ಟರು. ಲೋಕದಲ್ಲಿ ಹೌದು ಅನ್ನುವುದಕ್ಕಿಂತ ಸುಖವಿಲ್ಲ ಎಂದುಕೊಂಡ ಹೌದಪ್ಪ.

ಸರದಿ ಬಂತು. ಒಳಗೆ ಒರಗು ಕುರ್ಚಿಯಲ್ಲಿ ಮಲಗಿಸಿ, ದೀಪ ಉರಿಸಿ, ಡಾಕ್ಟರು ಒಸಡಿಗೆ ಸೂಜಿ ಚುಚ್ಚಿದರು. ಕೆನ್ನೆ ಮರದ ಹಲಗೆಯಂತಾಯಿತು, ನಾಲಿಗೆ ಎಲ್ಲಿದೆಯೋ ತಿಳಿಯದಾಯಿತು. ಪೂರ್ತಿ ಮರಗಟ್ಟುವವರೆಗೆ ರೋಗಿಗೆ ಭಯವಾಗದಿರಲೆಂದು ಹರಟೆ ಹೊಡೆಯುವುದು ಡಾಕ್ಟರ ಪದ್ಧತಿ.

"ಸಂಗೀತ ಕೇಳ್ತೀರಾ? ನನ್ನ ಕೇಳಿದ್ರೆ ಗಿಟಾರ್ ನುಡಿಸೋರಲ್ಲಿ ಜಾಝ್ ನುಡಿಸೋರೇ ದೊಡ್ಡವರು. ಒಂದು ಸಲ ಬಂದದ್ದು ಇನ್ನೊಂದು ಸಲ ಬರಲ್ಲ. ಅಲ್ವಾ?"

ಹೌದಪ್ಪ ಬಾಯಿ ತೆರೆದುಕೊಂಡೇ ತಲೆಯಾಡಿಸಿದ.

ಇಕ್ಕಳದ ಟ್ರೇ ಹಿಡಿದು ಬಂದ ಸಿಸ್ಟರ್ ಅಲ್ಲೇ ನಿಂತುಬಿಟ್ಟರು. "ಸರ್, ಇವರು ನನ್ನ ಹತ್ರ ರಾಕ್ ಅಂದ್ರು."

ಪರದೆ ಸರಿಸಿ ಮೇಷ್ಟ್ರ ಊದಿದ ಕೆನ್ನೆ ಒಳಬಂತು. "ನನ್ನ ಹತ್ರ ಶಾಸ್ತ್ರೀಯ ಅಂದಿದ್ದಾನೆ. ಹೌದು ಅಂತ ಬಾಯಿಬಿಟ್ಟು ಹೇಳಿದ್ದಾನೆ."

ಮೂವರೂ ಕುರ್ಚಿಯ ಸುತ್ತ ನಿಂತು ಹೌದಪ್ಪನ ಬಾಯಿಯ ಮೇಲೆಯೇ ವಾದಕ್ಕಿಳಿದರು. ರಾಕ್ ಅಂದ್ರೆ ಬರೀ ಗದ್ದಲ ಎಂದರು ಮೇಷ್ಟ್ರು. ನಿಮ್ಮ ರಾಗ ಶುರುವಾಗೋ ಹೊತ್ತಿಗೆ ನಮಗೆ ನಿದ್ದೆ ಬಂದಿರುತ್ತೆ ಎಂದರು ಸಿಸ್ಟರ್. ಡಾಕ್ಟರು ಪ್ರತಿ ಮಾತಿಗೂ ಇಕ್ಕಳ ಝಳಪಿಸುತ್ತಿದ್ದರು; ಅದು ಮೂಗಿನ ಹತ್ತಿರ ಬಂದಾಗಲೆಲ್ಲಾ ಹೌದಪ್ಪ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಹೊರಗಿನ ಬೆಂಚಿನಿಂದ "ನಮ್ಮ ಹಲ್ಲಿನ ಗತಿ ಏನ್ರೀ?" ಎಂಬ ನರಳಾಟ ಕೇಳುತ್ತಿತ್ತು.

"ಇವರನ್ನೇ ಕೇಳೋಣ" ಎಂದರು ಡಾಕ್ಟರು ಕೊನೆಗೆ. "ನೋಡಿ, ಮೂರು ಜನಕ್ಕೂ ಹೂಂ ಅಂದಿದ್ದೀರಿ. ಈಗ ನಿಜ ಹೇಳಿ. ಯಾರು ದೊಡ್ಡವರು? ಮಾತಾಡೋಕೆ ಆಗದಿದ್ರೆ ಬೆರಳು ತೋರಿಸಿ."

ಅಡಕತ್ತರಿಯಲ್ಲಿ ಸಿಕ್ಕಿಬಿದ್ದಂತಾಯಿತು ಹೌದಪ್ಪನಿಗೆ. ಡಾಕ್ಟರನ್ನು ತೋರಿಸಿದರೆ ಸಿಸ್ಟರಿಗೆ ಸಿಟ್ಟು, ಸಿಸ್ಟರನ್ನು ತೋರಿಸಿದರೆ ಇಕ್ಕಳ ಹಿಡಿದ ಡಾಕ್ಟರಿಗೇ ಸಿಟ್ಟು. ಯಾರಿಗೂ ನೋವಾಗದ ಒಂದು ದಿಕ್ಕು ಬೇಕಿತ್ತು. ಬೆರಳು ಮೇಲೇರಿ, ಪರದೆಯ ಮೇಲೆ ಟಿಣಿಟಿಣಿ ಅನ್ನುತ್ತಿದ್ದ ಸ್ಪೀಕರಿನ ಕಡೆ ನಿಂತಿತು.

ಡಾಕ್ಟರು ಬಾಯಿಗೆ ಕಟ್ಟಿಕೊಂಡಿದ್ದ ಮಾಸ್ಕನ್ನು ನಿಧಾನವಾಗಿ ಇಳಿಸಿದರು.

"ಇದಾ? ಈಗ ನುಡಿಸ್ತಿರೋನಾ?"

ಹೌದಪ್ಪ ತಲೆಯಾಡಿಸಿದ.

"ಅದು ನಾನು" ಅಂದರು ಡಾಕ್ಟರು. "ಮನೇಲಿ ಬಾಗಿಲು ಹಾಕ್ಕೊಂಡು ನುಡಿಸಿದ್ದು. ವರ್ಷಗಟ್ಟಲೆ ಇಲ್ಲಿ ಹಾಕ್ತಾ ಬಂದೆ, ಒಬ್ರಾದ್ರೂ ಯಾರಿದು ಅಂತ ಕೇಳ್ತಾರೇನೋ ಅಂತ."

"ನಾನು ಸ್ಪೀಕರ್ ಜೊತೆ ಬಿಟ್ಟಿ ಬಂದಿದ್ದು ಅಂದ್ಕೊಂಡಿದ್ದೆ ಸರ್" ಎಂದರು ಸಿಸ್ಟರ್ ಮೆಲ್ಲಗೆ.

ಡಾಕ್ಟರಿಗೆ ಅದು ಕೇಳಿಸಲೇ ಇಲ್ಲ. ಕೈಗವಸು ಕಳಚಿ ತಮ್ಮ ಹತ್ತೂ ಬೆರಳುಗಳನ್ನು ದೀಪಕ್ಕೆ ಹಿಡಿದು ನೋಡಿಕೊಂಡರು. "ಈ ಬೆರಳಿಂದ ನಾನು ಊರವರ ಹಲ್ಲು ಕೀಳ್ತಾ ಕೂತಿದ್ನಲ್ಲ. ಸಾಕು. ಇನ್ನು ಇಕ್ಕಳ ಮುಟ್ಟಲ್ಲ. ಸಿಸ್ಟರ್, ಬಾಗಿಲು ಹಾಕಿ."

ಬೆಂಚಿನವರಿಗೆ ವಿಷಯ ತಿಳಿದದ್ದೇ ತಡ, ಊದಿದ ಕೆನ್ನೆಗಳೆಲ್ಲ ಒಟ್ಟಿಗೆ ಹೌದಪ್ಪನ ಕಡೆ ತಿರುಗಿದವು. ಅವನು ಕೊರಳಿಗೆ ಕಟ್ಟಿದ್ದ ಬಟ್ಟೆಯ ಸಮೇತ ಕಾಲಿಗೆ ಬುದ್ಧಿ ಹೇಳಿದ.

ನಾಲ್ಕು ತಿರುವು ದಾಟಿದ ಮೇಲೆ ನಿಂತು ಉಸಿರುಬಿಟ್ಟ. ಬದುಕಿದೆಯಾ ಬಡಜೀವವೇ ಅನ್ನಿಸಿತು. ಹಲ್ಲು ಕಿತ್ತಿಲ್ಲ, ರಕ್ತ ಬಂದಿಲ್ಲ, ಯಾರನ್ನೂ ನೋಯಿಸಿಲ್ಲ, ಹಲ್ಲಂತೂ ತೆಪ್ಪಗಿದೆ. ವಾರದಿಂದ ಇಷ್ಟು ಹಗುರಾಗಿ ನಡೆದಿರಲಿಲ್ಲ. ಮೂಲೆಯ ಅಂಗಡಿಯಲ್ಲಿ ಗರಿಗರಿ ಬಿಸ್ಕತ್ತು ಕೊಂಡು, ಬೇಕೆಂದೇ ಆ ಹಲ್ಲಿನಿಂದಲೇ ಕಟುಂ ಎಂದು ಕಡಿಯುತ್ತಾ ಮನೆಗೆ ಬಂದ.

"ಕೀಳಿಸ್ಕೊಂಡ್ರಾ?" ಎಂದು ಕೇಳಿದಳು ಹೆಂಡತಿ.

"ಹೌದು" ಎಂದುಬಿಟ್ಟ, ಅಭ್ಯಾಸಬಲದಿಂದ.

"ಅಬ್ಬಾ, ದೊಡ್ಡ ಹೊರೆ ಇಳೀತು" ಎಂದು ಅವಳು ಅವನಿಗೆ ದಿಂಬು ಹಾಕಿಕೊಟ್ಟಳು. ಅಷ್ಟು ಅಕ್ಕರೆ ಕಂಡ ಮೇಲೆ ನಿಜ ಹೇಳುವ ಧೈರ್ಯ ಯಾರಿಗಿರುತ್ತದೆ?

ಸಾಯಂಕಾಲ ಕರೆಗಂಟೆ ಸದ್ದಾಯಿತು. ನೋಡಿದರೆ ಬಾಗಿಲಲ್ಲಿ ಡಾಕ್ಟರು, ಹೆಗಲಲ್ಲಿ ಗಿಟಾರು.

"ಮೊದಲನೇ ಕಛೇರಿ ನನ್ನ ಮೊದಲನೇ ಅಭಿಮಾನಿ ಮನೇಲೇ ಆಗ್ಬೇಕು ಅಂತ ಬಂದೆ."

ಹೆಂಡತಿ ಕೈಮುಗಿದಳು. "ಬನ್ನಿ ಡಾಕ್ಟ್ರೇ. ಇವರಿಗೆ ಒಂಚೂರೂ ನೋವಾಗದ ಹಾಗೆ ಹಲ್ಲು ಕಿತ್ರಂತಲ್ಲ, ಪುಣ್ಯಾತ್ಮರು."

ತಂತಿ ಬಿಗಿಯುವುದರಲ್ಲಿ ಮುಳುಗಿದ್ದ ಡಾಕ್ಟರು "ಹಾಂ ಹಾಂ" ಅಂದರು. ಮಹಡಿಯ ಅಜ್ಜಿ, ಎದುರುಮನೆಯ ಗಂಡಹೆಂಡಿರು ಎಲ್ಲರೂ ಬಂದು ಕೂತರು. ಡಾಕ್ಟರು ಕಣ್ಣು ಮುಚ್ಚಿ ಮೊದಲ ತಂತಿ ಮೀಟಿದರು.

ಸರಿಯಾಗಿ ಆಗಲೇ ಸೂಜಿಯ ಅಮಲು ಇಳಿಯಿತು. ಬಿಸ್ಕತ್ತು ಕಡಿದ ಹಲ್ಲು ವಾರದ ಸೇಡನ್ನೆಲ್ಲ ಒಂದೇ ಸಲ ತೀರಿಸಿಕೊಳ್ಳತೊಡಗಿತು. ಕೂಗುವ ಹಾಗಿಲ್ಲ, ಕಿತ್ತ ಹಲ್ಲು ನೋಯುವುದು ಹೇಗೆ? ಹೌದಪ್ಪ ಎರಡೂ ಕೈಯಲ್ಲಿ ಕೆನ್ನೆ ಹಿಡಿದು ಹಿಂದಕ್ಕೂ ಮುಂದಕ್ಕೂ ತೂಗಾಡಿದ. ಕಣ್ಣಿಂದ ನೀರು ಧಾರಾಕಾರ ಸುರಿಯಿತು.

ಡಾಕ್ಟರು ಕಣ್ಣು ಬಿಟ್ಟು ನೋಡಿ ನುಡಿಸುವುದನ್ನೇ ನಿಲ್ಲಿಸಿದರು. "ನೋಡಿ, ಕೇಳೋದು ಅಂದ್ರೆ ಇದು" ಅಂದರು ಎಲ್ಲರಿಗೂ.

"ಇವರಿಗೆ ಇಂಥಾ ಹೃದಯ ಇದೆ ಅಂತ ನನಗೇ ಗೊತ್ತಿರ್ಲಿಲ್ಲ" ಎಂದು ಹೆಂಡತಿಯೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹಾಗಾದ್ರೆ ದಿನಾ ಸಾಯಂಕಾಲ ಬರ್ಲಾ? ನಿಮಗೆ ಇಷ್ಟ ತಾನೆ?"

ಬದುಕಿನಲ್ಲಿ ಮೊದಲ ಸಲ ಇಲ್ಲ ಅನ್ನಬೇಕು ಎಂದು ಹೌದಪ್ಪ ನಿಶ್ಚಯಿಸಿದ. ಡಾಕ್ಟರು, ಹೆಂಡತಿ, ಅಜ್ಜಿ, ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು.

"ಹೌದು" ಅಂದ.