ಹನ್ನೊಂದು ವಾಲ್ವುಗಳ ವಿವರಣೆ ಮತ್ತು ಒಂದು ಚೀಟಿಯ ಕುರಿತು

ನೀರು ಸರಬರಾಜು ಕಚೇರಿ
ಸುತ್ತೋಲೆ ಸಂಖ್ಯೆ: ನೀಸ/ಯಂತ್ರ/ವಿವರಣೆ/೧೧/ತುರ್ತು (ಎರಡನೇ ಬಾರಿ)

ವಿಷಯ: ಯಂತ್ರಕ್ಕೆ ಅರ್ಥವಾಗುವಂತೆ ವಿವರಣೆ ಬರೆದಿರುವ ಅಶಿಸ್ತಿನ ಬಗ್ಗೆ.

ಉಲ್ಲೇಖ:
೧. ಹೆರಿಗೆ ಆಸ್ಪತ್ರೆಯ ಆಯಾ ಅವರ ಮೌಖಿಕ ದೂರು (ಖಾಲಿ ಬಕೆಟ್ ಸಹಿತ).
೨. ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಚೀಟಿ.

ಊರಿನ ಹನ್ನೊಂದು ವಾಲ್ವುಗಳನ್ನು ತೆರೆದು ಮುಚ್ಚಲು ಈ ಕಚೇರಿಗೆ ಕೃತಕ ಬುದ್ಧಿಮತ್ತೆಯ ಸಹಾಯಕವೊಂದು (ಇನ್ನು ಮುಂದೆ ‘ಯಂತ್ರ’) ಬಂದಿರುವುದು ಸರಿಯಷ್ಟೆ. ಅದಕ್ಕೆ ಕಣ್ಣಿಲ್ಲ, ಯಾವ ವಾಲ್ವು ಯಾತಕ್ಕೆ ಎಂದು ನಾವು ಬರೆದುಕೊಡುವ ವಿವರಣೆಯೇ ಅದರ ಕಣ್ಣು. ಈ ಬರವಣಿಗೆಯನ್ನು ಹಿರಿಯ ಗುಮಾಸ್ತರಿಗೆ ವಹಿಸಲಾಗಿತ್ತು. ಸದರಿಯವರು ಒಂದನೇ ವಾಲ್ವಿನ ಎದುರು ‘ಕಚೇರಿ ಮುಂದಿನ ಕಾರಂಜಿಗೆ ನೀರು ಬಿಡುವುದು’ ಎಂದು ದುಂಡಗೆ ಬರೆದು, ಉಳಿದ ಹತ್ತರ ಎದುರು, ಮೂವತ್ತು ವರ್ಷಗಳ ಅಭ್ಯಾಸಬಲದಿಂದ, ‘ಮೇಲಿನಂತೆ’ ಎಂದು ಬರೆದಿರುತ್ತಾರೆ.

ತತ್ಪರಿಣಾಮವಾಗಿ ಒಂಬತ್ತು ದಿನ, ಯಾವ ಬೀದಿಯವರು ನೀರು ಕೇಳಿದರೂ ಯಂತ್ರವು ಹನ್ನೊಂದೂ ಒಂದೇ ಎಂದು ನಂಬಿ, ಕಾರಂಜಿಯ ವಾಲ್ವನ್ನೇ ತಿರುಗಿಸಿ, ‘ನೀರು ಬಿಡಲಾಗಿದೆ’ ಎಂದು ವಿನಯದಿಂದ ಉತ್ತರಿಸಿದೆ. ದೂರು ಹೆಚ್ಚಿದಷ್ಟೂ ಕಾರಂಜಿ ಎತ್ತರವಾಗಿ, ಮಹಡಿಯ ಕಡತಗಳು ನೆನೆದಿವೆ. ಮೂರನೇ ಬೀದಿಯ ಹೆರಿಗೆ ಆಸ್ಪತ್ರೆಯಲ್ಲಿ ಕೂಸು ತೊಳೆಯಲು ಚೊಂಬು ನೀರೂ ಇಲ್ಲದೆ, ಅಲ್ಲಿನ ಆಯಾ ಕಾರಂಜಿಯಿಂದಲೇ ಬಕೆಟ್ ತುಂಬಿಕೊಳ್ಳುತ್ತಾ, “ಬುದ್ಧಿ ಇಲ್ದೇ ಇರೋದು ನಿಮ್ಮ ಮಿಷನ್ನಿಗೋ, ಬರೆದುಕೊಟ್ಟ ಪುಣ್ಯಾತ್ಮನಿಗೋ?” ಎಂದು ಕೇಳಿರುತ್ತಾರೆ. ಪ್ರಶ್ನೆಯು ಪರಿಶೀಲನೆಯಲ್ಲಿದೆ.

ಹತ್ತನೇ ದಿನ ನಿವೃತ್ತ ವಾಲ್ವ್ ಕೆಲಸಗಾರರು (ಊರಿಗೆಲ್ಲ ‘ವಾಲ್ವ್ ತಾತ’) ಅನುಮತಿಯಿಲ್ಲದೆ ಒಳಬಂದು, ಯಂತ್ರಕ್ಕೆ ಒಂದು ಚೀಟಿ ಓದಿಸಿರುವುದು ಕಂಡುಬಂದಿದೆ. ಅದರಲ್ಲಿ ಐದನೇ ವಾಲ್ವಿನ ಭಾಗ ಇಂತಿದೆ:

“ಮಗಾ, ಇದು ಐದನೇದು. ನಂಬರ್ ನೋಡಿ ಐದನೇ ಬೀದಿ ಅಂದ್ಕೋಬೇಡ, ಇದು ಮೂರನೇ ಬೀದಿಗೆ. ಕೊನೇ ಕಟ್ಟಡ ಹೆರಿಗೆ ಆಸ್ಪತ್ರೆ. ಬೆಳಿಗ್ಗೆ ಆರಕ್ಕೆ ಬಿಡು. ಹಳೇ ಪೈಪು, ನಿಧಾನಕ್ಕೆ ತಿರುಗಿಸು. ಟ್ಯಾಂಕು ಅರ್ಧಕ್ಕಿಂತ ಕಮ್ಮಿ ಇದ್ರೆ ಬೇರೆ ಬೀದಿ ನಿಲ್ಸು, ಇದನ್ನ ನಿಲ್ಲಿಸ್ಬೇಡ. ಗೊತ್ತಾಗದಿದ್ರೆ ಊಹೆ ಮಾಡ್ಬೇಡ, ನನ್ನ ಕೇಳು. ತಿರುಗಿಸೋ ಮುಂಚೆ ಒಂದು ಗಳಿಗೆ ನಿಂತು, ಯಾರಿಗೆ ಬಿಡ್ತಿದ್ದೀಯ ಅಂತ ನೆನೆಸ್ಕೋ.”

ಯಂತ್ರವು ಒಂದೇ ಓದಿಗೆ ಗ್ರಹಿಸಿ, ಮರುದಿನ ಆರಕ್ಕೆ ಮೂರನೇ ಬೀದಿಗೆ ನೀರು ಬಿಟ್ಟಿದೆ. ಕಾರಣ ಕೇಳಲಾಗಿ ತಾತನವರು, “ಹೊಸ ಸೊಸೆಗೆ ಅಡುಗೆಮನೆ ತೋರಿಸಲ್ವಾ ಸ್ವಾಮಿ? ಯಾವ ಡಬ್ಬೀಲಿ ಏನಿದೆ, ಯಾವುದನ್ನ ಯಾವಾಗ ಮುಟ್ಟಬಾರದು. ಇದೂ ಅಷ್ಟೇ,” ಎಂದಿರುತ್ತಾರೆ. ಸದರಿ ಉತ್ತರವು ಅರ್ಥವಾಗಿರುವುದರಿಂದ ಅದನ್ನು ಅಂಗೀಕರಿಸಲು ಬರುವುದಿಲ್ಲ.

ಆದ್ದರಿಂದ ಸಮಸ್ತ ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿದೆ:

೧. ಯಾವುದೇ ವಿವರಣೆ ಮೂರು ಪುಟಕ್ಕಿಂತ ಕಡಿಮೆ ಇರಕೂಡದು. ವಾಲ್ವು ಏನು ಮಾಡುತ್ತದೆ ಎಂಬುದು ಮೂರನೇ ಪುಟಕ್ಕೆ ಮೊದಲು ತಿಳಿಯಬಾರದು.

೨. ‘ಯಾವಾಗ ಬಳಸಬಾರದು’ ಎಂದು ಬರೆಯುವುದನ್ನು ಸದರಿ ವಾಲ್ವಿಗೆ ತೋರಿದ ಅಗೌರವವೆಂದು ಪರಿಗಣಿಸಲಾಗುವುದು.

೩. ಬೀದಿ, ಗಂಟೆ, ಅಳತೆಗಳ ಬದಲು ‘ಸಂಬಂಧಪಟ್ಟ’, ‘ಸೂಕ್ತ’, ‘ಇತ್ಯಾದಿ’ ಪದಗಳನ್ನು ಬಳಸತಕ್ಕದ್ದು. ಮೂರನ್ನೂ ಒಂದೇ ವಾಕ್ಯದಲ್ಲಿ ಬಳಸಿದವರನ್ನು ಬಡ್ತಿಗೆ ಪರಿಗಣಿಸಲಾಗುವುದು.

೪. ಯಂತ್ರವನ್ನು ‘ಮಗಾ’ ಎನ್ನಕೂಡದು. ಅದರ ಹುದ್ದೆ ನಿಗದಿಯಾಗುವವರೆಗೆ ‘ಮಾನ್ಯರೇ’ ಎನ್ನುವುದು.

೫. ತಿಳಿಯದಿದ್ದಲ್ಲಿ ಯಾರನ್ನೂ ಕೇಳುವಂತಿಲ್ಲ. ಈ ಕಚೇರಿಯಲ್ಲಿ ಅಂಥ ಪೂರ್ವನಿದರ್ಶನವಿರುವುದಿಲ್ಲ.

೬. ಚೀಟಿ ಓದಿದಂದಿನಿಂದ ಯಂತ್ರವು ದಿನವೂ ಆರಕ್ಕೆ ಒಂದು ಗಳಿಗೆ ನಿಂತು, ಪರದೆಯ ಮೇಲೆ ‘ಮೂರನೇ ಬೀದಿ, ಹೆರಿಗೆ ಆಸ್ಪತ್ರೆ, ಆಯಾ ತಿಳಿಸಿದಂತೆ ಇಂದು ನಾಲ್ಕು ಕೂಸು’ ಎಂದು ತೋರಿಸಿ, ಆಮೇಲೆ ನೀರು ಬಿಡುತ್ತಿದೆ. ಆ ಗಳಿಗೆಯಲ್ಲಿ ಪಾಳಿಯ ಸಿಬ್ಬಂದಿ ತಮಗೇ ಅರಿವಿಲ್ಲದೆ ಎದ್ದು ಕೈಮುಗಿಯುತ್ತಿರುವುದು ಗಮನಕ್ಕೆ ಬಂದಿದೆ. ಇದಕ್ಕೆ ನಮೂನೆ ಸಿದ್ಧವಾಗುವವರೆಗೆ ಒಂದು ಕೈಯನ್ನು ಮಾತ್ರ ಬಳಸತಕ್ಕದ್ದು.

೭. ಚೀಟಿಯನ್ನು ಕೂಡಲೇ ಯಂತ್ರದಿಂದ ಹಿಂಪಡೆದು ಹರಿದುಹಾಕತಕ್ಕದ್ದು; ಐದನೇ ವಾಲ್ವಿನ ಭಾಗವನ್ನು ಹೊರತುಪಡಿಸಿ. ಸಹಿದಾರರ ಮಗಳು ಸೋಮವಾರದಿಂದ ಸದರಿ ಆಸ್ಪತ್ರೆಯ ಎರಡನೇ ಕೊಠಡಿಯಲ್ಲಿ ಹೆರಿಗೆಗೆ ದಿನ ಎಣಿಸುತ್ತಿರುವುದಕ್ಕೂ ಈ ವಿನಾಯಿತಿಗೂ ಯಾವುದೇ ಸಂಬಂಧವಿರುವುದಿಲ್ಲ.

ಸಹಿ/-
(ಓದಲು ಬಾರದಂತೆ)
ಮುಖ್ಯ ಅಧಿಕಾರಿ

ಪ್ರತಿಗಳು:
೧. ಹಿರಿಯ ಗುಮಾಸ್ತರಿಗೆ, ಸೂಕ್ತ ಕ್ರಮಕ್ಕಾಗಿ.
೨. ಆಯಾ ಅವರಿಗೆ, ಮೇಲಿನಂತೆ.
೩. ಕಚೇರಿ ಕಡತಕ್ಕೆ, ಒಣಗಿದ ನಂತರ.
೪. ವಾಲ್ವ್ ತಾತನವರಿಗೆ, ಇದನ್ನೇ ನೋಟಿಸ್ ಎಂದು ಭಾವಿಸಿ, ನಾಳೆ ಆರಕ್ಕೆ ಬಂದು ಐದನೆಯದನ್ನು ಒಮ್ಮೆ ನೋಡಿಹೋಗಲು.
೫. ಯಂತ್ರಕ್ಕೆ, ಕೂಸು ಮನೆಗೆ ಬರುವವರೆಗೆ ಈ ಸುತ್ತೋಲೆಯನ್ನು ಓದದಿರಲು.