ಹೆಸರೊಂದು ಬಿಟ್ಟು

ಸುಂದರೇಶನ ಮನೆಯ ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ, ನಿಟ್ಟುಸಿರು ಬರುತ್ತಿತ್ತು. ತಿರುಗಿಸಿದರೆ ಮೊದಲು 'ಹುಸ್ಸ್' ಎನ್ನುವುದು, ಆಮೇಲೆ ದಮ್ಮಿನ ಮುದುಕರ ಹಾಗೆ 'ಖೊಕ್' ಎಂದು ಅರ್ಧ ಚೊಂಬು ಉಗುಳಿ ಸುಮ್ಮನಾಗುವುದು. ಕಾರಣ ಸರಸ್ವತಿಪುರಂನ ಆ ಬೀದಿಗೆಲ್ಲ ಗೊತ್ತಿತ್ತು. ಪಕ್ಕದ ಮನೆಯಲ್ಲೇ ಇರುವ ಓನರ್ ಚನ್ನಬಸವಯ್ಯನವರು ಬೀದಿಯ ಪೈಪಿಗೆ ನೇರವಾಗಿ ಮೋಟರ್ ಕೂರಿಸಿದ್ದರು. ಬೆಳಿಗ್ಗೆ ಅದು 'ಗುಂಯ್' ಎಂದಿತೆಂದರೆ ಸುಂದರೇಶನ ಮನೆಗೆ ಹೊರಟಿದ್ದ ನೀರು ದಾರಿಯಲ್ಲೇ ಮನಸ್ಸು ಬದಲಿಸಿ ಓನರ ಟ್ಯಾಂಕು ಸೇರುತ್ತಿತ್ತು.

ಕೇಳುವ ಧೈರ್ಯ ಸುಂದರೇಶನಿಗಿರಲಿಲ್ಲ. ಅವನು ಟ್ಯುಟೋರಿಯಲ್‌ನಲ್ಲಿ ಅಕೌಂಟೆನ್ಸಿ ಮೇಷ್ಟ್ರು. ಮಗಳು ಸುಚಿತ್ರಾ ಎರಡನೇ ಪಿಯುಸಿ, ಕಾಲೇಜು ನಡೆದುಹೋಗುವಷ್ಟು ಹತ್ತಿರ. ಓನರ್ ಮುನಿಸಿಕೊಂಡು ಖಾಲಿ ಮಾಡಿ ಅಂದರೆ ಈ ಬಾಡಿಗೆಗೆ ಮನೆ ಹುಡುಕುತ್ತಾ ಊರಾಚೆಯ ಹೂಟಗಳ್ಳಿಯನ್ನೂ ದಾಟಬೇಕು. ಆದ್ದರಿಂದ ಅವನು ನೀರಿನ ಆಫೀಸಿಗೆ ಫೋನು ಮಾಡಿ, ದನಿಯನ್ನು ಪೊಲೀಸರಷ್ಟು ದಪ್ಪ ಮಾಡಿಕೊಂಡು ದೂರು ಕೊಟ್ಟ. "ನನ್ನ ಹೆಸರು ಮಾತ್ರ ಗುಟ್ಟಾಗಿರಲಿ" ಅಂದ. ಇರುತ್ತದೆ ಅಂದರು.

ಮರುದಿನ ಬೆಳಿಗ್ಗೆ ಹಾಲು ತರಲು ಹೊರಟರೆ ಗೇಟಿನಲ್ಲಿ ಚನ್ನಬಸವಯ್ಯನವರು ನಿಂತಿದ್ದರು. ಯಾವತ್ತೂ ನಗದವರು ಇವತ್ತು ನಕ್ಕರು.

"ಸಾಯಂಕಾಲ ಮನೇಲಿರಿ ಮೇಷ್ಟ್ರೆ. ನೀರಿನ್ ವಿಚಾರ ಒಸಿ ಮಾತಾಡದದೆ."

ಸುಂದರೇಶನ ಎದೆ ಅವನ ಮನೆಯ ನಲ್ಲಿಯಂತೆಯೇ 'ಹುಸ್ಸ್' ಎಂದಿತು.

ಬೀದಿಯ ಕೊನೆಯಲ್ಲಿ ಇಸ್ತ್ರಿ ದೇವಯ್ಯ ಕೆಂಡ ಊದುತ್ತಿದ್ದವನು ತಲೆಯೆತ್ತಿ ಕಣ್ಣು ಮಿಟುಕಿಸಿದ.

"ಓನರು ಎಲ್ಲಾ ಯೋಳವ್ರೆ ಸಾ."

"ಏನು ಹೇಳಿದ್ರು?"

"ಅದ ಮಾತ್ರ ಕೇಳ್ಬೇಡಿ. ಬಾಯ್ಬುಡ್ಬೇಡ ಅಂದವ್ರೆ. ಸಾಯಂಕಾಲ ನಿಮ್ಗೇ ಗೊತ್ತಾಯ್ತದೆ ಬುಡಿ."

ಮನೆಗೆ ಬಂದರೆ ಊಟದ ಮೇಜಿನ ಮೇಲೆ ತಟ್ಟೆ ತುಂಬ ಒಬ್ಬಟ್ಟು. ಓನರ ಹೆಂಡತಿ ಶಿವನಂಜಮ್ಮನವರು ಕಳಿಸಿದ್ದಂತೆ. ಹಬ್ಬವಿಲ್ಲ, ಹರಿದಿನವಿಲ್ಲ. ಕಡಿಯುವ ಮುಂಚೆ ಕುರಿಗೆ ಹಸಿರು ಸೊಪ್ಪು ತಿನ್ನಿಸುವುದು ಸುಂದರೇಶನಿಗೆ ನೆನಪಾಯಿತು.

"ಆಫೀಸಿನೋರು ನನ್ನ ಹೆಸರು ಹೇಳ್ಬಿಟ್ಟಿದಾರೆ ಕಣೇ" ಅಂದ.

"ನೀವೇ ಎಲ್ಲೋ ಉಸುರಿರ್ತೀರ" ಅಂದಳು ಹೆಂಡತಿ ವಾಣಿ, ಒಬ್ಬಟ್ಟಿಗೆ ತುಪ್ಪ ಸವರುತ್ತಾ. "ನಿದ್ದೇಲಿ ಬ್ಯಾಲೆನ್ಸ್ ಶೀಟು ಓದೋ ಗಂಡಸು ಇನ್ನೇನು ಬಚ್ಚಿಡ್ತೀರಿ?"

ಸುಂದರೇಶ ಎರಡು ಕ್ಲಾಸಿಗೆ ಚಕ್ಕರ್ ಹೊಡೆದು ನೀರಿನ ಆಫೀಸಿಗೆ ಹೋದ. ಅಲ್ಲಿ ಯೋಗೇಂದ್ರ ಎಂಬುವರು ಕೂತಿದ್ದರು. ಜನರ ಖಾಸಗಿ ಮಾಹಿತಿ ಕಾಪಾಡುವುದು ಹೇಗೆಂದು ತರಬೇತಿ ಮುಗಿಸಿ ಹೊಸದಾಗಿ ಬಂದವರು. ಎದೆಯ ಮೇಲೆ 'ಗೋಪ್ಯತಾ ಅಧಿಕಾರಿ' ಎಂಬ ಬಿಲ್ಲೆ. ಗಂಟಲು ಮಾತ್ರ ಬಸ್‌ಸ್ಟ್ಯಾಂಡಿನ ಮೈಕು. ಸುಂದರೇಶ ಮೇಜಿನ ಮೇಲೆ ಬಗ್ಗಿ ತನ್ನ ಹೆಸರು ಪಿಸುಗುಟ್ಟಿದ.

"ಓಹೋ, ಗುಟ್ಟಾಗಿ ದೂರು ಕೊಟ್ಟೋರು ನೀವೇನಾ?"

ಬಿಲ್ಲು ಕಟ್ಟಲು ನಿಂತಿದ್ದ ಸಾಲು ಪೂರ್ತಿ ತಿರುಗಿ ನೋಡಿತು.

"ಮೆಲ್ಲಗೆ ಸಾರ್" ಎಂದು ಸುಂದರೇಶ ಅಂಗಲಾಚಿದ. "ನನ್ನ ವಿಷಯ ಇಲ್ಲಿಂದ ಸೋರಿದೆ. ಬೀದಿಯಲ್ಲೆಲ್ಲ ಗೊತ್ತಾಗಿದೆ."

ಯೋಗೇಂದ್ರರಿಗೆ ಅವಮಾನವಾಯಿತು. "ನೋಡಿ ಸಾರ್, ನಮ್ಮ ಇಲಾಖೇಲಿ ಸೋರೋದು ಪೈಪು ಮಾತ್ರ. ಸದರಿ ದೂರು ಬೀರುವಿನಲ್ಲಿದೆ. ಬೀರುವಿಗೆ ಬೀಗ ಇದೆ. ಬೀಗದ ಕೈ ನನ್ನ ಉಡಿದಾರದಲ್ಲಿದೆ. ಬೇಕಾದ್ರೆ ತೋರಿಸ್ತೀನಿ."

"ಬೇಡ ಸಾರ್."

"ಆದ್ರೂ ನೀವು ಶಂಕೆ ವ್ಯಕ್ತಪಡಿಸಿದ ಮೇಲೆ ತನಿಖೆ ಮಾಡೋದು ನನ್ನ ಕರ್ತವ್ಯ."

"ತನಿಖೆ ಅಂದ್ರೆ... ನನ್ನ ಹೆಸರು?"

ಯೋಗೇಂದ್ರರು ಬಿಲ್ಲೆಯ ಮೇಲೆ ಕೈಯಿಟ್ಟರು. "ಪ್ರಾಣ ಹೋದ್ರೂ ಬಾಯಿಂದ ಬರಲ್ಲ."

ಸಂಜೆ ಓನರ ಜಗಲಿಯಲ್ಲಿ ಸುಂದರೇಶ ಕುರ್ಚಿಯ ತುದಿಯಲ್ಲಿ ಕೂತ, ವೈವಾ ಪರೀಕ್ಷೆಗೆ ಬಂದವನಂತೆ. ಶಿವನಂಜಮ್ಮನವರು ಕಾಫಿ ತಂದುಕೊಟ್ಟರು. ವಿಷವಿರಬಹುದೇ ಎಂದು ಮೂಸಿ ನೋಡಿದ. ಚಿಕೋರಿ ವಾಸನೆ ಮಾತ್ರ ಬಂತು.

ಚನ್ನಬಸವಯ್ಯನವರು ಗಂಟಲು ಸರಿಮಾಡಿಕೊಂಡರು. "ನಮ್ ಮೋಟ್ರು ನಿಮ್ಮನೆ ನೀರ್ನೂ ಎಳ್ಕತದೆ ಅಂತ ನಮ್ಮೋಳು ದಿನಾ ಬಯ್ತಾವ್ಳೆ. ಪಾಪ, ನೀವು ಒಂದಿನಾನೂ ಬಾಯ್ಬುಟ್ಟು ಕೇಳ್ನಿಲ್ಲ. ಅದ್ಕೆ ನಮ್ ಟ್ಯಾಂಕಿಂದ್ಲೇ ನಿಮ್ಮನೆಗೊಂದು ಪೈಪು ಎಳೆಸ್ಬುಡನ ಅಂತ. ದೇವಯ್ಯನ್ ಬಾಮೈದ ಪ್ಲಂಬರ್ರು, ನಾಳೀಕೆ ಬತ್ತಾನೆ. ನಿಮ್ಗೆ ನಾನೇ ಯೋಳನ ಅಂತ ಎಲ್ರ್ ಬಾಯ್ಗೂ ಬೀಗ ಹಾಕಿದ್ದೆ."

"ಹಾಂ?" ಅಂದ ಸುಂದರೇಶ.

"ಇನ್ನೊಂದು. ಮಗೀನ್ ಓದು ಮುಗಿಯೋಗಂಟ ಮನೆ ಬುಡಿ ಅನ್ನಾಕಿಲ್ಲ. ನೆಮ್ಮದಿಯಾಗಿರಿ."

ಸುಂದರೇಶನ ಕಣ್ಣಲ್ಲಿ ನೀರು ಬಂತು. ಮೋಟರಿನ ಅಡ್ಡಿಯಿಲ್ಲದೆ ಅವನ ಕಡೆಗೆ ನೀರು ಬಂದದ್ದು ಆ ತಿಂಗಳಲ್ಲಿ ಅದೇ ಮೊದಲು. ಇಂಥ ದೊಡ್ಡ ಮನುಷ್ಯರನ್ನು ಅನುಮಾನಿಸಿದೆನಲ್ಲ ಎಂದು ನಾಚಿಕೊಳ್ಳುವಷ್ಟರಲ್ಲಿ ಯೋಗೇಂದ್ರರ ತನಿಖೆ ನೆನಪಾಯಿತು. ದೂರು ವಾಪಸ್ ಪಡೆಯಲು ಬೆಳಿಗ್ಗೆಯೇ ಆಫೀಸಿಗೆ ಓಡಬೇಕು ಅಂದುಕೊಂಡ. ಆಗ ಗೇಟಿನ ಮುಂದೆ ಸ್ಕೂಟರ್ ನಿಂತಿತು.

"ಚನ್ನಬಸವಯ್ಯನವರಾ? ನಮಸ್ಕಾರ. ನೀರಿನ ಆಫೀಸಿಂದ, ಗೋಪ್ಯ ತನಿಖೆಗೆ ಬಂದಿದ್ದೀನಿ" ಎಂದು ಮೈಕು ಇಡೀ ಬೀದಿಗೆ ಸಾರಿತು. ಇಸ್ತ್ರಿಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ದೇವಯ್ಯ ಓಡಿ ಬಂದ. ಸುಂದರೇಶ ಕಾಫಿ ಲೋಟದ ಹಿಂದೆ ಎಷ್ಟು ಮರೆಯಾಗಬಹುದೋ ಅಷ್ಟು ಮರೆಯಾದ.

"ನಿಮ್ಮ ಮೋಟರ್ ಮೇಲೆ ಒಬ್ಬರು ದೂರು ಕೊಟ್ಟಿದ್ದಾರೆ" ಅಂದರು ಯೋಗೇಂದ್ರ.

"ಯಾರು?" ಓನರ ಮೀಸೆ ಎದ್ದು ನಿಂತಿತು.

"ಅದನ್ನ ಕೇಳ್ಬೇಡಿ, ಹೇಳಲ್ಲ. ನನ್ನದು ಒಂದೇ ಪ್ರಶ್ನೆ. ನಿಮ್ಮ ಪಕ್ಕದ ಮನೆಯ ಬಾಡಿಗೆದಾರರು, ಟ್ಯುಟೋರಿಯಲ್ ಮೇಷ್ಟ್ರು, ಇದೇ ಇಲ್ಲಿ ಲೋಟ ಹಿಡ್ಕೊಂಡು ಕೂತಿದ್ದಾರಲ್ಲ, ಇವರೇ ದೂರುದಾರರು ಅಂತ ನಮ್ಮ ಆಫೀಸಿನೋರು ಯಾರಾದ್ರೂ ನಿಮಗೆ ಹೇಳಿದ್ರಾ?"

ಓನರ ಕಣ್ಣು ಲೋಟದ ಕಡೆಗೆ ತಿರುಗಿತು.

"ಇಲ್ಲ" ಅಂದರು ಚನ್ನಬಸವಯ್ಯನವರು ನಿಧಾನವಾಗಿ. "ಈಗ್ಲೇ ಕೇಳ್ತಿರದು."

ಯೋಗೇಂದ್ರರ ಮುಖ ಅರಳಿತು. "ಹಾಗಾದ್ರೆ ಸೋರಿಕೆ ಆಗಿಲ್ಲ" ಎಂದು ಸುಂದರೇಶನ ಕೈ ಕುಲುಕಿದರು. "ನೋಡಿದ್ರಾ ಸಾರ್, ಇಷ್ಟು ಹೊತ್ತು ಮಾತಾಡಿದ್ರೂ ನಿಮ್ಮ ಹೆಸರು ನನ್ನ ಬಾಯಿಂದ ಬಂತಾ?"

ಚನ್ನಬಸವಯ್ಯನವರು ಸುಂದರೇಶನ ಕೈಯಿಂದ ಕಾಫಿ ಲೋಟವನ್ನು ಮೆಲ್ಲಗೆ ತೆಗೆದುಕೊಂಡರು. ಅದರಲ್ಲಿ ಇನ್ನೂ ಅರ್ಧ ಕಾಫಿಯಿತ್ತು.

"ನಾನೂ ನಿಮ್ಮಂಗೇಯ ಸಾ" ಅಂದರು ಯೋಗೇಂದ್ರರಿಗೆ. "ಈ ತಿಂಗ್ಳು ಮುಗೀತಿದ್ದಂಗೆ ಒಬ್ರು ಮನೆ ಖಾಲಿ ಮಾಡ್ತಾವ್ರೆ. ಯಾರು ಅಂತ ಕೇಳ್ಬೇಡಿ. ಯೋಳಾಕಿಲ್ಲ."