ಮುಳುಗುವ ಸೂರ್ಯನೂ ಚಿಕ್ಕತಿಮ್ಮಪ್ಪನ ಪಂಚೆಯೂ

“ಇದರಾಗೆ ಗಂಡು ಯಾರು, ಹೆಣ್ಣು ಯಾರು?” ಎಂದು ರಂಗಕ್ಕ ಕೇಳಿದ್ದೇ ಜುಂಜೇಶನ ಕಷ್ಟಕ್ಕೆ ಮೊದಲಾಯಿತು.

ಹೊಸದುರ್ಗದ ಬಸ್‌ಸ್ಟ್ಯಾಂಡ್ ಹಿಂದಿನ ಪುಟ್ಟ ಸ್ಟುಡಿಯೊದಲ್ಲಿ ಅವನು ಹನ್ನೆರಡು ವರ್ಷಗಳಿಂದ ಪಾಸ್‌ಪೋರ್ಟ್ ಫೋಟೊ ತೆಗೆಯುತ್ತಿದ್ದ. ಹಿಂದೆ ನೀಲಿ ಪರದೆ, ಮುಂದೆ ಎರಡು ದೀಪ. ಅಲ್ಲಿ ಯಾರ ಮುಖವೂ ಅವನಿಗೆ ಕೈಕೊಟ್ಟಿರಲಿಲ್ಲ. ಆದರೆ ಚಿಕ್ಕತಿಮ್ಮಪ್ಪನ ಮಗಳು ಸುಷ್ಮಿತಾ, ಮದುವೆಗೆ ಮುಂಚೆ ಕಡಲ ದಂಡೆಯಲ್ಲಿ ಸೂರ್ಯ ಮುಳುಗುವಾಗ ಒಂದು ಫೋಟೊ ಬೇಕೇ ಬೇಕು ಎಂದು ಹಟ ಹಿಡಿದಳು. ಮದುಮಗ ಪ್ರದೀಪನಿಗೆ ರಾಮಗಿರಿ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸ. ಕಡಲಿಗೆ ಹೋಗಿ ಬರುವಷ್ಟು ರಜೆಯಿಲ್ಲ.

“ವಾಣಿವಿಲಾಸ ಸಾಗರದ ಹಿನ್ನೀರು ಇಲ್ಲೇ ಐತೆ. ಹೆಸರಲ್ಲೇ ಸಾಗರ ಐತಲ್ಲ,” ಎಂದು ಜುಂಜೇಶನೇ ದಾರಿ ತೋರಿಸಿದ್ದ.

ಹಾಗೆ ಹೋದ ಭಾನುವಾರ ತೆಗೆದ ಫೋಟೊಗಳು ಈಗ ರಂಗಕ್ಕನ ಕೈಯಲ್ಲಿದ್ದವು. ಒಂದರಲ್ಲಿ ಆಕಾಶ ಮಾಗಿದ ಪಪ್ಪಾಯಿಯಂತೆ ಬಂದಿತ್ತು. ಹುಡುಗ ಹುಡುಗಿ ಮಾತ್ರ ಕಾವಲಿ ಮೇಲೆ ಮರೆತ ಎರಡು ರೊಟ್ಟಿಗಳಾಗಿದ್ದರು. ಇನ್ನೊಂದರಲ್ಲಿ ಮುಖಗಳು ಚೆನ್ನಾಗಿದ್ದವು, ಆಕಾಶ ಸುಣ್ಣ ಬಳಿದ ಗೋಡೆಯಾಗಿತ್ತು.

“ಇಂಥ ಗ್ವಾಡೆ ನಮ್ಮನೆ ಹಿತ್ತಲಾಗೂ ಐತಲ್ಲಪ್ಪ. ಅಷ್ಟು ದೂರ ಯಾಕೆ ಹೋಗಬೇಕಿತ್ತು?” ಎಂದಳು ರಂಗಕ್ಕ. ಅವಳು ಚಿಕ್ಕತಿಮ್ಮಪ್ಪನ ಅಕ್ಕ. ಅವಳು ಒಪ್ಪದೆ ಆ ಮನೆಯಲ್ಲಿ ಒಗ್ಗರಣೆಗೆ ಸಾಸಿವೆಯೂ ಬೀಳುತ್ತಿರಲಿಲ್ಲ. “ಮದುವೆಗೆ ಇನ್ನು ನಾಲ್ಕೇ ದಿನ. ಇವತ್ತು ಇನ್ನೊಂದ್ಸಲ ತೆಗಿ, ನಾನೂ ಬರ್ತೀನಿ. ಸರಿ ಬರ್ಲಿಲ್ಲ ಅಂದ್ರೆ ಮದುವೆಗೆ ಬೇರೆ ಫೋಟೊದೋರನ್ನ ಕರೀತೀವಿ.”

ಪಾಸ್‌ಪೋರ್ಟ್ ಫೋಟೊಗಳಿಂದ ಬಿಡುಗಡೆ ಕೊಡುವ ಮೊದಲ ದೊಡ್ಡ ಮದುವೆ ಅದು. ಜುಂಜೇಶ ಬಾಯಿ ಮುಚ್ಚಿಕೊಂಡು ಕ್ಯಾಮೆರಾ ಹೆಗಲಿಗೇರಿಸಿದ.

ಅವನೂ ಸುಮ್ಮನೆ ಕೂತಿರಲಿಲ್ಲ. ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಒಂದು ಗಾಜು ತರಿಸಿದ್ದ. ಅದರ ಮೇಲರ್ಧ ಕಪ್ಪು, ಕೆಳಗರ್ಧ ತಿಳಿ. ಲೆನ್ಸಿನ ಮುಂದೆ ಹಿಡಿದರೆ ಕಪ್ಪು ಭಾಗ ಆಕಾಶದ ಝಳವನ್ನು ತಗ್ಗಿಸುತ್ತದೆ, ತಿಳಿ ಭಾಗ ನೆಲದ ಬೆಳಕನ್ನು ಹಾಗೇ ಬಿಡುತ್ತದೆ. ಸಂಜೆ ಹಿನ್ನೀರಿನ ದಂಡೆಯಲ್ಲಿ ಅದನ್ನು ಅರಿವೆಯಿಂದ ಬಿಡಿಸಿದ.

“ಎಲ್ಲಿ, ಕೊಡಿಲ್ಲಿ. ಮ್ಯಾಲೆಲ್ಲ ಮಸಿ ಹಿಡಿದೈತೆ,” ಎಂದು ರಂಗಕ್ಕ ಗಾಜು ಕಿತ್ತುಕೊಂಡು ಸೆರಗಿನಲ್ಲಿ ಗಸಗಸ ಉಜ್ಜಿದಳು.

“ಅಕ್ಕಾ, ಅದು ಮಸಿಯಲ್ಲ!”

ಅವನು ಕೂಗಿದ ರಭಸಕ್ಕೆ ಗಾಜು ಅವಳ ಕೈಯಿಂದ ಜಾರಿ ಕಲ್ಲಿನ ಮೇಲೆ ಬಿತ್ತು. ಆಕಾಶ ಒಂದು ಕಡೆ, ನೆಲ ಒಂದು ಕಡೆ ಆಯಿತು.

“ಹಿಂಗೆ ಕಿರುಚಿದ್ರೆ ಯಾರ ಕೈಯಾಗಾದ್ರೂ ನಿಂತೀತಾ?” ಎಂದು ರಂಗಕ್ಕ ಅವನನ್ನೇ ಬೈದಳು.

ಅಷ್ಟರಲ್ಲಿ ಕುರಿಗಳಿಗೆ ನೀರು ಕುಡಿಸಲು ಬಂದಿದ್ದ ಅಜ್ಜಪ್ಪ ಕೋಲೂರಿ ನಿಂತು ಎಲ್ಲವನ್ನೂ ನೋಡುತ್ತಿದ್ದ. “ಏನಪ್ಪ ನಿನ್ನ ತೊಂದರೆ?”

“ಆಕಾಶಕ್ಕೆ ಸರಿ ಮಾಡಿದ್ರೆ ಮನುಷ್ಯರು ಕತ್ತಲು, ಮನುಷ್ಯರಿಗೆ ಸರಿ ಮಾಡಿದ್ರೆ ಆಕಾಶ ಬಿಳುಪು, ಅಜ್ಜಾ.”

“ನನಗೆ ಆಕಾಶಾನೂ ಕಾಣ್ತೈತೆ, ಕುರಿನೂ ಕಾಣ್ತೈತೆ. ಇಷ್ಟು ದಪ್ಪ ಕಣ್ಣಿರೋ ನಿನ್ನ ಕ್ಯಾಮೆರಾಕ್ಕೇನು ಬಂತು?”

ಜುಂಜೇಶ ಪೆಚ್ಚಾದ. ಹನ್ನೆರಡು ವರ್ಷದಲ್ಲಿ ಈ ಪ್ರಶ್ನೆ ಅವನಿಗೇ ಹೊಳೆದಿರಲಿಲ್ಲ. ಆಕಾಶ ನೋಡಿದ, ಕುರಿ ನೋಡಿದ, ಮತ್ತೆ ಆಕಾಶ ನೋಡಿದ. ಒಂದನ್ನು ದಿಟ್ಟಿಸುವಾಗ ಇನ್ನೊಂದು ಮಸುಕಾಗುತ್ತಿತ್ತು. ಅಂದರೆ ಕಣ್ಣೂ ಎರಡನ್ನು ಒಟ್ಟಿಗೆ ನೋಡುವುದಿಲ್ಲ. ಒಂದಾದ ಮೇಲೊಂದು ನೋಡಿ ಒಳಗೆಲ್ಲೋ ಜೋಡಿಸಿಕೊಳ್ಳುತ್ತದೆ!

“ಅಜ್ಜಾ, ಸಿಕ್ತು!” ಎಂದು ಕುಣಿದ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ. ಆಕಾಶಕ್ಕೊಂದು, ನೀರಿಗೊಂದು, ಮುಖಗಳಿಗೊಂದು, ಹೀಗೆ ಸಾಲಾಗಿ ಮೂರು ಫೋಟೊ. ಮೂರನ್ನೂ ಕ್ಯಾಮೆರಾ ತಾನೇ ಸೇರಿಸಿ ಒಂದು ಮಾಡುತ್ತದೆ. “ಯಾರೂ ಅಲ್ಲಾಡಬೇಡ್ರಿ!”

ಸುಷ್ಮಿತಾ ಅಲ್ಲಾಡಲಿಲ್ಲ. ಪ್ರದೀಪ ಸೀನಿದ. ಕುರಿಗಳಂತೂ ಯಾರ ಮಾತೂ ಕೇಳಲಿಲ್ಲ. ಕ್ಯಾಮೆರಾದ ಪರದೆಯ ಮೇಲೆ ಬಂದ ಚಿತ್ರದಲ್ಲಿ ಆಕಾಶ ಅದ್ಭುತವಾಗಿತ್ತು. ಮದುಮಗನಿಗೆ ಎರಡು ಮೂಗು, ಅವನ ಹಿಂದಿನ ಕುರಿಗೆ ಏಳು ಕಾಲು.

“ಗಂಡು ನೋಡಕ್ಕೆ ಹೋದಾಗ ಒಂದೇ ಮೂಗಿತ್ತಪ್ಪ,” ಎಂದಳು ರಂಗಕ್ಕ.

ಸೂರ್ಯ ನೀರು ಮುಟ್ಟಲು ಒಂದು ಗೇಣು ಉಳಿದಿತ್ತು. ಜುಂಜೇಶ ತಲೆಯ ಮೇಲೆ ಕೈಹೊತ್ತು ಕುಳಿತ. ಆಗ, ಅವರ ಜೊತೆ ಬಂದು ದೂರ ನಿಂತಿದ್ದ ಚಿಕ್ಕತಿಮ್ಮಪ್ಪ ಭಾವೀ ಅಳಿಯನಿಗೆ ಕರ್ಚೀಫು ಕೊಡಲು ಮುಂದೆ ಬಂದ. ಅವನ ಬಿಳಿ ಪಂಚೆಗೆ ಬಿಸಿಲು ಬಡಿದು ಸುಷ್ಮಿತಾಳ ಮುಖ ತಟ್ಟನೆ ಬೆಳಗಿತು. ಅವನು ಪಕ್ಕಕ್ಕೆ ಸರಿದ, ಆರಿತು.

“ಅಣ್ಣಾ, ಅಲ್ಲೇ ನಿಂತ್ಕಳ್ರಿ! ಪಂಚೆ ಬಿಚ್ರಿ!”

“ಏನಂದೆ?”

“ಬಿಚ್ಚಿ, ಅಗಲ ಮಾಡಿ, ಸೂರ್ಯನ ಎದುರಿಗೆ ಹಿಡೀರಿ!”

ಚಿಕ್ಕತಿಮ್ಮಪ್ಪ ಹೌಹಾರಿ ಹಿಂದೆ ಸರಿದ. ರಂಗಕ್ಕ ಬಿಡಲಿಲ್ಲ. “ಲೇ ತಿಮ್ಮ, ಮಗಳ ಮದುವೆಗೆ ಜನ ಹೊಲ ಮನೆ ಮಾರ್ತಾರೆ. ನೀನೊಂದು ಪಂಚೆ ಬಿಚ್ಚಕ್ಕೆ ಇಷ್ಟು ನಾಚ್ತೀಯಲ್ಲೋ!”

ಪಟ್ಟೆಪಟ್ಟೆ ಚಡ್ಡಿಯಲ್ಲಿ ನಿಂತು ಚಿಕ್ಕತಿಮ್ಮಪ್ಪ ಎರಡೂ ಕೈಯೆತ್ತಿ ಪಂಚೆ ಹಿಡಿದ. ಗಾಳಿಗೆ ಅದು ಪಟಪಟ ಹೊಡೆದುಕೊಂಡಿತು. ಅಜ್ಜಪ್ಪ ಕೆಳಗಿನ ಅಂಚನ್ನು ಕೋಲಿನಿಂದ ಒತ್ತಿದ. ಕೂಲಿ ಮುಗಿಸಿ ಹೋಗುತ್ತಿದ್ದ ಹೆಂಗಸರ ಟ್ರ್ಯಾಕ್ಟರ್ ದಾರಿಯಲ್ಲಿ ನಿಂತೇಬಿಟ್ಟಿತು. ಜುಂಜೇಶ ಯಾವುದನ್ನೂ ನೋಡಲಿಲ್ಲ. ಕ್ಯಾಮೆರಾವನ್ನು ಆಕಾಶದ ಬೆಳಕಿಗೆ ಹೊಂದಿಸಿದ. ಮುಖಗಳಿಗೆ ಪಂಚೆಯ ಬೆಳಕಿತ್ತು. ಒತ್ತಿದ.

ಬಂತು. ಕೆಂಪು, ಕಿತ್ತಳೆ, ನೇರಳೆ ಪದರ ಪದರವಾದ ಆಕಾಶ, ಅದರ ಕೆಳಗೆ ಕರಗಿದ ಬೆಲ್ಲದಂತೆ ನೀರು, ಮುಂದೆ ನಗುತ್ತಿದ್ದ ಎರಡು ಮುಖ. ರಂಗಕ್ಕ ಬಗ್ಗಿ ನೋಡಿದಳು. “ಸಮುದ್ರಾನೇ!” ಎಂದಳು. ಮದುವೆಯ ಕೆಲಸ ಅಲ್ಲೇ ಖಾಯಂ ಆಯಿತು. ಅದೇ ಸಂಜೆ ಅವರಿಗೆ ಫೋಟೊ ಕಳಿಸಿ, ತಾನೂ ಇಪ್ಪತ್ತು ಸಲ ತೆರೆದು ತೆರೆದು ನೋಡಿದ ಜುಂಜೇಶ.

ಮದುವೆಯ ಬೆಳಿಗ್ಗೆ ಹೊಸದುರ್ಗದ ಛತ್ರದ ಬಾಗಿಲಲ್ಲಿ ಅವನು ಬೈಕು ನಿಲ್ಲಿಸಿ ತಲೆಯೆತ್ತಿದ. ಎರಡಾಳೆತ್ತರದ ಫ್ಲೆಕ್ಸ್. ಅವನದೇ ಫೋಟೊ. ಆದರೆ ಆಕಾಶ ಕಾಣಲಿಲ್ಲ. ಆಕಾಶದ ತುಂಬ, ಅಂಚಿನಿಂದ ಅಂಚಿನವರೆಗೆ, ಎಪ್ಪತ್ತೆರಡು ಜನ ನೆಂಟರ ತಲೆಗಳು ಸಾಲಾಗಿ ತೇಲುತ್ತಿದ್ದವು. ಸೂರ್ಯನಿದ್ದ ಜಾಗದಲ್ಲಿ ರಂಗಕ್ಕ ಮೂಡಿದ್ದಳು. ನೀರಿನ ಮೇಲೆ ‘ಶುಭ ಕೋರುವವರು’ ಎಂದು ದಪ್ಪಕ್ಷರ; ಅದರ ಕೆಳಗೆ ಹೆಸರುಗಳು.

“ಹೆಂಗೈತೆ?” ರಂಗಕ್ಕ ಹಿಂದಿನಿಂದ ಬಂದಳು. “ಮ್ಯಾಲೆಲ್ಲ ಖಾಲಿ ಬಿದ್ದಿತ್ತಲ್ಲಪ್ಪ, ಎಲ್ಲರನ್ನೂ ಹಾಕ್ಸಿದೆ. ಒಬ್ಬರೂ ಬಿಟ್ಟಿಲ್ಲ.”

ಜುಂಜೇಶ ತಲೆಗಳ ಸಂದಿಯಲ್ಲಿ ಆಕಾಶ ಹುಡುಕುತ್ತಿದ್ದ. ಯಾರೋ ಹೆಗಲ ಮೇಲೆ ಕೈಯಿಟ್ಟರು. ತಿರುಗಿದರೆ, ತೆಂಗಿನಕಾಯಿ ವ್ಯಾಪಾರದ ಮಂಜಣ್ಣ, ಕಣ್ಣರಳಿಸಿ ಫ್ಲೆಕ್ಸನ್ನೇ ನೋಡುತ್ತಿದ್ದ.

“ಇದು ನೀನೇ ತೆಗೆದಿದ್ದಂತೆ? ಮುಂದಿನ ತಿಂಗಳು ನಮ್ಮ ಹುಡುಗನ ಮದುವೆ. ನಮಗೂ ಇಂಥದ್ದೇ ಬೇಕು ನೋಡು,” ಎಂದ ಮಂಜಣ್ಣ. “ಆದ್ರೆ ಆಕಾಶ ಇನ್ನೊಂದೀಟು ಜಾಸ್ತಿ ತೆಗಿಯಪ್ಪ. ನಮ್ಮ ಕಡೆ ಜನ ಜಾಸ್ತಿ.”